ಈಜುಕೊಳದ ಮೇನ್ ಡ್ರೈನ್ ಸರಿಯಾಗಿ ಎಳೆಯದಿದ್ದರೆ ದೋಷ ಎಲ್ಲಿ ಹುಡುಕಬೇಕು

"ತಳದಲ್ಲಿ ಕಸ ಹಾಗೇ ಕೂತಿರುತ್ತೆ ಸಾರ್, ಮೇನ್ ಡ್ರೈನ್ ಎಳೀತಾನೇ ಇಲ್ಲ." ಅಪಾರ್ಟ್‌ಮೆಂಟು, ಕ್ಲಬ್ಬು, ರೆಸಾರ್ಟುಗಳ ಈಜುಕೊಳ ನೋಡಿಕೊಳ್ಳುವವರಿಂದ ಪದೇಪದೇ ಕೇಳಿಬರುವ ದೂರು ಇದು. ಮೇನ್ ಡ್ರೈನ್ ಅಂದರೆ ಕೊಳದ ತಳದಲ್ಲಿ ಜಾಲರಿ ಮುಚ್ಚಿದ ಬಾಯಿ, ಪಂಪು ಅಲ್ಲಿಂದ ನೀರೆಳೆದು ಫಿಲ್ಟರಿಗೆ ಕಳಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡು. ಯಾರನ್ನಾದರೂ ಕೆಳಗಿಳಿಸಿ ಜಾಲರಿ ನೋಡಿಸಿ ಅನ್ನುವುದು ಒಂದು, ಪಂಪ್ ದೊಡ್ಡದು ಹಾಕಿಸಿ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಜೀವದ ಅಪಾಯವಿದೆ. ಎರಡನೆಯದರಲ್ಲಿ ದುಡ್ಡೂ ಹೋಗುತ್ತದೆ, ಅಪಾಯವೂ ಹೆಚ್ಚುತ್ತದೆ. ದೋಷ ಬಹುತೇಕ ಪಂಪ್ ರೂಮಿನಲ್ಲೇ ಇರುತ್ತದೆ, ನೀರಿಗೆ ಇಳಿಯದೆಯೇ ಅದನ್ನು ಪತ್ತೆ ಮಾಡಬಹುದು. ಆದ್ದರಿಂದ ಹುಡುಕಾಟ ಪಂಪ್ ರೂಮಿನಿಂದ ಶುರುವಾಗಿ ಕೊಳದ ಕಡೆಗೆ ಸಾಗಬೇಕು. ಈ ಕೈಪಿಡಿ ಅದೇ ಕ್ರಮದಲ್ಲಿದೆ.

ಕೈ ಇಟ್ಟು ನೋಡುವ ಅಭ್ಯಾಸ ನಿಲ್ಲಿಸಿ

ಜಾಲರಿಯ ಮೇಲೆ ಅಂಗೈ ಇಟ್ಟು "ಎಳೀತಿದೆ", "ಎಳೀತಿಲ್ಲ" ಎಂದು ಹೇಳುವ ರೂಢಿ ಹಲವು ಕಡೆ ಇದೆ. ಇದನ್ನು ಇವತ್ತೇ ಬಿಡಬೇಕು. 200 ಮಿಲಿಮೀಟರ್ ಅಗಲದ ಒಂದೇ ಡ್ರೈನ್ ಇರುವ ಕೊಳದಲ್ಲಿ ಅದರ ಬಾಯನ್ನು ಮೈ ಪೂರ್ತಿ ಮುಚ್ಚಿದರೆ, ಪಂಪು 250 ಮಿಲಿಮೀಟರ್ ಪಾದರಸದಷ್ಟು ನಿರ್ವಾತ ಉಂಟುಮಾಡಿದರೂ ಸಾಕು, ಮೈಯನ್ನು ಹಿಡಿದಿಡುವ ಬಲ ನೂರು ಕಿಲೋ ದಾಟುತ್ತದೆ. ಮಗುವಿರಲಿ, ಗಟ್ಟಿಮುಟ್ಟಾದ ದೊಡ್ಡವರೂ ಅಷ್ಟು ಬಲವನ್ನು ನೀರಿನೊಳಗೆ ಬಿಡಿಸಿಕೊಳ್ಳಲಾರರು. ಕೂದಲು ಜಾಲರಿಯ ಸಂದಿಗೆ ಹೋಗಿ ಗಂಟು ಬೀಳುವುದಕ್ಕೆ ಇಷ್ಟು ಬಲವೂ ಬೇಕಿಲ್ಲ.

ಅಮೆರಿಕದಲ್ಲಿ 2002ರಲ್ಲಿ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಬಿಸಿನೀರಿನ ತೊಟ್ಟಿಯ ಡ್ರೈನಿಗೆ ಸಿಕ್ಕಿಕೊಂಡು ತೀರಿಕೊಂಡಳು. ಆಕೆ ಅಲ್ಲಿನ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಮೊಮ್ಮಗಳು. ತಾಯಿ ಪಟ್ಟುಬಿಡದೆ ನಡೆಸಿದ ಹೋರಾಟದ ಫಲವಾಗಿ 2007ರಲ್ಲಿ ಆ ಮಗುವಿನ ಹೆಸರಿನಲ್ಲೇ ಕಾನೂನು ಬಂತು, 2008ರ ಡಿಸೆಂಬರಿನಿಂದ ಅಲ್ಲಿನ ಸಾರ್ವಜನಿಕ ಕೊಳಗಳಲ್ಲಿ ಮೈಯನ್ನೂ ಕೂದಲನ್ನೂ ಹಿಡಿಯದಂಥ ಡ್ರೈನ್ ಮುಚ್ಚಳ ಕಡ್ಡಾಯವಾಯಿತು. ಈಗ ನಮ್ಮಲ್ಲಿ ಸಿಗುವ ಉಬ್ಬಿದ ಮುಚ್ಚಳಗಳು, ಒಂದಕ್ಕೊಂದು ಮೂರಡಿಗೂ ದೂರವಿಟ್ಟು ಒಂದೇ ಪೈಪಿಗೆ ಜೋಡಿಸಿದ ಎರಡು ಡ್ರೈನುಗಳು, ಇವೆಲ್ಲದರ ಉದ್ದೇಶ ಒಂದೇ. ಒಂದು ಬಾಯಿ ಮುಚ್ಚಿಕೊಂಡರೆ ನೀರು ಇನ್ನೊಂದರಿಂದ ಹೋಗಬೇಕು, ಯಾವ ಬಾಯಿಯಲ್ಲೂ ಎಳೆತ ಜೋರಾಗಬಾರದು.

ಅಂದರೆ ಒಳ್ಳೆಯ ಮೇನ್ ಡ್ರೈನಿನ ಎಳೆತ ಕೈಗೆ ಹೆಚ್ಚು ಗೊತ್ತಾಗುವುದೇ ಇಲ್ಲ. ನಾವು ಸರಿಪಡಿಸಬೇಕಾದ್ದು ಅಲ್ಲಿ ನೀರು ಹರಿಯುವ ಪ್ರಮಾಣವನ್ನು. ಬಾಯಲ್ಲಿ ಎಳೆತ ಜೋರು ಮಾಡುವುದು ಗುರಿಯಲ್ಲ.

ಜಾಲರಿ ಒಡೆದಿದ್ದರೆ, ಸ್ಕ್ರೂ ಬಿದ್ದುಹೋಗಿದ್ದರೆ, ಬೈಂಡಿಂಗ್ ವೈರಿನಲ್ಲಿ ಕಟ್ಟಿದ್ದರೆ ಮುಂದೆ ಓದುವ ಮೊದಲು ಪಂಪ್ ಆಫ್ ಮಾಡಿ ಕೊಳ ಮುಚ್ಚಿ. ಹೊಸ ಮುಚ್ಚಳ ಬಂದು ಕೂರುವವರೆಗೆ ಯಾರನ್ನೂ ನೀರಿಗೆ ಬಿಡಬೇಡಿ. ಅಸೋಸಿಯೇಷನ್‌ನವರು ಭಾನುವಾರದ ಈಜು ತಪ್ಪಿತೆಂದು ಬೇಸರ ಮಾಡಿಕೊಂಡರೂ ಪರವಾಗಿಲ್ಲ.

ಇದು ದೋಷವೇ, ಅಥವಾ ಕೊಳ ಇರುವುದೇ ಹಾಗೆಯೇ?

ಮೇನ್ ಡ್ರೈನ್ ತಳದ ಕಸವನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತದೆ ಎಂಬ ನಂಬಿಕೆ ತಪ್ಪು. ಎಳೆತವಿರುವ ಬಾಯಿಯಿಂದ ಸ್ವಲ್ಪ ದೂರ ಹೋದರೂ ನೀರಿನ ವೇಗ ಗಣನೆಗೆ ಬಾರದಷ್ಟು ಕುಸಿಯುತ್ತದೆ. ಮೂಲೆಯಲ್ಲಿ ಕೂತ ಮಣ್ಣನ್ನು ವ್ಯಾಕ್ಯೂಮ್ ಹೆಡ್ (ತಳದ ಮೇಲೆ ಓಡಿಸಿ ಕಸ ಹೀರುವ ಸಾಧನ) ಹಾಕಿಯೇ ತೆಗೆಯಬೇಕು. ತಳದಲ್ಲಿ ಮಣ್ಣು ಕೂತಿದೆ ಎಂಬ ಒಂದೇ ಕಾರಣಕ್ಕೆ ಡ್ರೈನ್ ಕೆಟ್ಟಿದೆ ಎನ್ನುವಂತಿಲ್ಲ.

ಎರಡನೆಯ ತಪ್ಪು ನಂಬಿಕೆ ಆಳದ್ದು. "ಡ್ರೈನ್ ಆರಡಿ ಕೆಳಗಿದೆ, ಪಂಪು ಅಲ್ಲಿಂದ ನೀರೆತ್ತಬೇಕಲ್ಲ" ಎನ್ನುತ್ತಾರೆ. ಡ್ರೈನಿನ ಮೇಲೆ ಅಷ್ಟೇ ಆರಡಿ ನೀರು ಕೂತು ಒತ್ತುತ್ತಿರುತ್ತದೆ, ಲೆಕ್ಕ ಅಲ್ಲಿಗೆ ಸಮವಾಯಿತು. ಪಂಪಿಗೆ ಮುಖ್ಯವಾಗುವುದು ಕೊಳದ ನೀರಿನ ಮಟ್ಟದಿಂದ ತಾನು ಎಷ್ಟು ಮೇಲೆ ಅಥವಾ ಕೆಳಗೆ ಇದ್ದೇನೆ ಎಂಬುದು. ಆಳ ಎಷ್ಟಿದ್ದರೂ ವ್ಯತ್ಯಾಸವಾಗುವುದು ಪೈಪಿನ ಉದ್ದದಿಂದ ಮಾತ್ರ.

ಆ ಪೈಪಿನ ಉದ್ದವೇ ಬಹಳ ಸಲ ಗೊಂದಲ ಹುಟ್ಟಿಸುವುದು. ಮೇನ್ ಡ್ರೈನ್ ಲೈನ್ 30 ಮೀಟರ್, ಸ್ಕಿಮ್ಮರ್ (ನೀರಿನ ಮಟ್ಟದಲ್ಲಿದ್ದು ಮೇಲ್ಪದರದ ನೀರೆಳೆಯುವ ಗೋಡೆಯ ಬಾಯಿ) ಲೈನ್ 8 ಮೀಟರ್, ಎರಡೂ ಒಂದೇ ಅಳತೆಯ ಪೈಪು, ಎರಡು ವಾಲ್ವೂ ಪೂರ್ತಿ ತೆರೆದಿವೆ ಎಂದುಕೊಳ್ಳಿ. ನೀರು ಕಡಿಮೆ ತಡೆಯಿರುವ ದಾರಿ ಹಿಡಿಯುತ್ತದೆ. ಲೆಕ್ಕ ಹಾಕಿದರೆ ಮೂರು ಪಾಲಿನಲ್ಲಿ ಸುಮಾರು ಎರಡು ಪಾಲು ಸ್ಕಿಮ್ಮರಿನಿಂದ, ಒಂದು ಪಾಲು ಮೇನ್ ಡ್ರೈನಿನಿಂದ ಬರುತ್ತದೆ. ಏನೂ ಕೆಟ್ಟಿಲ್ಲ. ಬೆವರು, ಎಣ್ಣೆ, ಸನ್‌ಸ್ಕ್ರೀನ್ ಎಲ್ಲ ತೇಲುವುದು ನೀರಿನ ಮೇಲ್ಪದರದಲ್ಲಿ, ಹಾಗಾಗಿ ಹೆಚ್ಚಿನ ಪಾಲು ಮೇಲಿನಿಂದ ಹೋಗುವುದೇ ಒಳ್ಳೆಯದು. ಮೇನ್ ಡ್ರೈನಿಗೆ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಸಿಕ್ಕರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ಕಡಿಮೆ ಅನ್ನಿಸಿದರೆ ಸ್ಕಿಮ್ಮರ್ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ನೋಡಿ. ಅರ್ಧ ಊರಿನ ದೂರು ಇಷ್ಟರಲ್ಲೇ ಮುಗಿಯುತ್ತದೆ.

ಹರಿವು ಇದೆಯೋ ಇಲ್ಲವೋ ಕಣ್ಣಾರೆ ನೋಡಬೇಕೆಂದರೆ ಬಣ್ಣದ ಪರೀಕ್ಷೆ ಮಾಡಿ. ಕೊಳದಲ್ಲಿ ಯಾರೂ ಇರಬಾರದು. ಅಡುಗೆಗೆ ಬಳಸುವ ಬಣ್ಣವನ್ನು ನೀರಿನಲ್ಲಿ ಕದಡಿ ಸಿರಿಂಜಿಗೆ ತುಂಬಿ, ತುದಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ, ಟ್ಯೂಬನ್ನು ಕ್ಲೀನಿಂಗ್ ಕೋಲಿನ ಉದ್ದಕ್ಕೂ ಟೇಪಿನಿಂದ ಅಂಟಿಸಿ. ದಡದಲ್ಲಿ ನಿಂತು ಕೋಲಿನ ತುದಿಯನ್ನು ಜಾಲರಿಯಿಂದ ಅರ್ಧ ಅಡಿ ಮೇಲೆ ಹಿಡಿದು ಸಿರಿಂಜ್ ಒತ್ತಿ. ಹರಿವಿದ್ದರೆ ಬಣ್ಣ ಎಳೆಯಾಗಿ ಕೆಳಗಿಳಿದು ಜಾಲರಿಯ ಅಂಚಿನಲ್ಲಿ ಒಳಗೆ ಸೇರುತ್ತದೆ. ಇಲ್ಲದಿದ್ದರೆ ಬಿಟ್ಟಲ್ಲೇ ಮೋಡದಂತೆ ಹರಡಿ ನಿಲ್ಲುತ್ತದೆ. ಎರಡು ಡ್ರೈನ್ ಇದ್ದರೆ ಎರಡರ ಮೇಲೂ ನೋಡಿ. ಒಂದು ಎಳೆದು ಇನ್ನೊಂದು ಎಳೆಯದಿದ್ದರೆ ಅದು ಖಂಡಿತ ದೋಷ, ಎರಡು ಡ್ರೈನ್ ಇಟ್ಟ ರಕ್ಷಣೆಯೇ ಅಲ್ಲಿ ಇಲ್ಲವಾಗಿರುತ್ತದೆ.

ಎರಡು ಗೇಜುಗಳ ಮಾತು ಕೇಳಿ

ಫಿಲ್ಟರಿನ ಮೇಲೆ ಪ್ರೆಷರ್ ಗೇಜ್ ಎಲ್ಲರ ಬಳಿಯೂ ಇರುತ್ತದೆ, ಅದು ಓಡುತ್ತಿದೆಯೋ ಇಲ್ಲವೋ ಬೇರೆ ಮಾತು. ಪಂಪು ನೀರೆಳೆಯುವ ಸಕ್ಷನ್ ಕಡೆ ನಿರ್ವಾತ ಅಳೆಯುವ ವ್ಯಾಕ್ಯೂಮ್ ಗೇಜ್ ಇರುವ ಪಂಪ್ ರೂಮುಗಳು ಅಪರೂಪ. ಹಲವು ಪಂಪುಗಳ ಸ್ಟ್ರೈನರ್ ಪಾಟಿನ (ಕಸ ಹಿಡಿಯುವ ಬಾಸ್ಕೆಟ್ ಕೂರುವ ಡಬ್ಬಿಯ) ಕೆಳಗೆ ನೀರು ಬಸಿಯುವ ಪ್ಲಗ್ ಇರುತ್ತದೆ, ಅದೇ ಚೂಡಿಗೆ ಗೇಜ್ ಕೂರಿಸಬಹುದು. ಖರ್ಚು ಅಲ್ಪ. ಈ ಕೈಪಿಡಿಯಿಂದ ಒಂದೇ ಕೆಲಸ ಮಾಡುವುದಾದರೆ ಆ ಗೇಜ್ ಹಾಕಿಸಿ.

ಎಲ್ಲ ಸರಿಯಿರುವ ದಿನ, ಬ್ಯಾಕ್‌ವಾಶ್ (ಫಿಲ್ಟರಿನಲ್ಲಿ ನೀರು ಹಿಮ್ಮುಖ ಹರಿಸಿ ತೊಳೆಯುವುದು) ಮುಗಿದ ಮೇಲೆ, ಎರಡೂ ಗೇಜುಗಳ ಅಂಕಿಯನ್ನು ಗೋಡೆಯ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ಬೇರೆ ಕೊಳದ ಅಂಕಿ ನಿಮ್ಮ ಕೊಳಕ್ಕೆ ಬರುವುದಿಲ್ಲ. ಪಂಪು ಬೇಸ್‌ಮೆಂಟಿನಲ್ಲಿ ನೀರಿನ ಮಟ್ಟಕ್ಕಿಂತ 1.5 ಮೀಟರ್ ಕೆಳಗಿದ್ದರೆ ಸುಮಾರು 110 ಮಿಲಿಮೀಟರ್ ಪಾದರಸದಷ್ಟು ಒತ್ತಡ ಪಂಪಿಗೆ ಮೊದಲೇ ಸಿಕ್ಕಿರುತ್ತದೆ, ಅಲ್ಲಿ ವ್ಯಾಕ್ಯೂಮ್ ಗೇಜ್ ಸೊನ್ನೆಯ ಹತ್ತಿರವೇ ನಿಂತರೂ ತಪ್ಪಿಲ್ಲ.

ಎಳೆತ ಕಡಿಮೆ ಅನ್ನಿಸಿದ ದಿನ ಗೋಡೆಯ ಅಂಕಿಯೊಂದಿಗೆ ಹೋಲಿಸಿ. ಪ್ರೆಷರ್ ಏರಿ ವ್ಯಾಕ್ಯೂಮ್ ಇಳಿದಿದ್ದರೆ ತಡೆ ಪಂಪಿನ ಮುಂದಿದೆ, ಅಂದರೆ ಫಿಲ್ಟರಿನಲ್ಲಿ ಅಥವಾ ವಾಪಸ್ ಹೋಗುವ ಲೈನಿನಲ್ಲಿ. ಪ್ರೆಷರ್ ಇಳಿದು ವ್ಯಾಕ್ಯೂಮ್ ಏರಿದ್ದರೆ ತಡೆ ಪಂಪಿನ ಹಿಂದೆ, ಕೊಳಕ್ಕೂ ಪಂಪಿಗೂ ನಡುವೆ ಇದೆ. ಎರಡೂ ಇಳಿದಿದ್ದರೆ ಪಂಪಿಗೇ ಶಕ್ತಿಯಿಲ್ಲ, ಇಲ್ಲವೇ ಗಾಳಿ ಹಿಡಿದಿದೆ. ಈ ಮೂರು ದಾರಿಗಳಲ್ಲಿ ಯಾವುದೆಂದು ತಿಳಿಯದೆ ಪಾನಾ ಕೈಗೆತ್ತಿಕೊಳ್ಳಬೇಡಿ.

ಪ್ರೆಷರ್ ಏರಿದ್ದರೆ

ಇದು ಸುಲಭದ ದಾರಿ. ಸ್ಯಾಂಡ್ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ಶುದ್ಧವಾಗಿದ್ದಾಗಿನ ಅಂಕಿಗಿಂತ ಚದರ ಸೆಂಟಿಮೀಟರಿಗೆ 0.5ರಿಂದ 0.7 ಕಿಲೋ ಏರಿದರೆ ಬ್ಯಾಕ್‌ವಾಶ್ ಮಾಡಿ. ಸೈಟ್ ಗ್ಲಾಸಿನಲ್ಲಿ ನೀರು ತಿಳಿಯಾಗುವವರೆಗೆ ಬಿಟ್ಟು, ನಂತರ ರಿನ್ಸ್, ಆಮೇಲೆ ಫಿಲ್ಟರ್. ಫಿಲ್ಟರಿನಲ್ಲಿ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವಿನ ಹ್ಯಾಂಡಲ್ ತಿರುಗಿಸುವ ಮೊದಲು ಪ್ರತಿ ಸಲವೂ ಪಂಪ್ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಒಳಗಿನ ಗ್ಯಾಸ್ಕೆಟ್ ಕಿತ್ತುಬರುತ್ತದೆ.

ಬ್ಯಾಕ್‌ವಾಶ್ ಮಾಡಿದರೂ ಅಂಕಿ ಇಳಿಯದಿದ್ದರೆ ಹ್ಯಾಂಡಲನ್ನು ರೀಸರ್ಕ್ಯುಲೇಟಿಗೆ ಹಾಕಿ ಓಡಿಸಿ. ಆಗ ನೀರು ಮರಳನ್ನು ದಾಟಿ ಹೋಗಬೇಕಿಲ್ಲ. ತಳದ ಎಳೆತ ತಕ್ಷಣ ಸುಧಾರಿಸಿದರೆ ತಪ್ಪು ಮರಳಿನದ್ದೇ. ಬೋರ್‌ವೆಲ್ಲಿನ ಗಡಸು ನೀರು ತುಂಬುವ ಕಡೆ ಮರಳು ಸುಣ್ಣ ಹಿಡಿದು ಹೆಂಟೆಯಾಗುತ್ತದೆ, ಮೇಲಿನಿಂದ ಕೈ ಹಾಕಿದರೆ ಬೆರಳು ಇಳಿಯುವುದೇ ಇಲ್ಲ. ಅಂಥ ಮರಳನ್ನು ಬದಲಿಸದೆ ವಿಧಿಯಿಲ್ಲ. ರೀಸರ್ಕ್ಯುಲೇಟಿನಲ್ಲೂ ಪ್ರೆಷರ್ ಹೆಚ್ಚೇ ಇದ್ದರೆ ವಾಪಸ್ ಲೈನಿನ ಯಾವುದೋ ವಾಲ್ವ್ ಅರ್ಧ ಮುಚ್ಚಿದೆ, ನೋಡಿ.

ಎರಡೂ ಇಳಿದಿದ್ದರೆ

ಸ್ಟ್ರೈನರಿನ ಪಾರದರ್ಶಕ ಮುಚ್ಚಳದ ಒಳಗೆ ನೋಡಿ. ನೀರು ತುಂಬಿ ನಿಚ್ಚಳವಾಗಿದೆಯೇ, ಗುಳ್ಳೆ ಓಡಾಡುತ್ತಿದೆಯೇ?

ಗುಳ್ಳೆಯಿಲ್ಲ, ಆದರೂ ಎರಡೂ ಗೇಜು ಇಳಿದಿವೆ ಎಂದರೆ ಮೊದಲ ಅನುಮಾನ ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ರೆಕ್ಕೆಚಕ್ರ. ಬಾಸ್ಕೆಟ್ ಒಡೆದಿದ್ದರೆ, ಅಥವಾ "ಒಡೆದಿದೆ" ಎಂದು ಯಾರೋ ತೆಗೆದಿಟ್ಟು ಹಾಗೇ ಓಡಿಸುತ್ತಿದ್ದರೆ, ಕಸ ನೇರ ಒಳಗೆ ಹೋಗಿ ರೆಕ್ಕೆಗಳ ಸಂದಿಯಲ್ಲಿ ತುಂಬುತ್ತದೆ. ಗುಲ್‌ಮೊಹರ್ ಮರ ಪಕ್ಕದಲ್ಲಿದ್ದರೆ ಬಾಸ್ಕೆಟ್ ಸರಿಯಿದ್ದರೂ ಕಷ್ಟ. ಅದರ ಎಲೆದಳ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಷ್ಟೆ, ಬಾಸ್ಕೆಟ್ಟಿನ ತೂತಿನಲ್ಲಿ ಸಲೀಸಾಗಿ ದಾಟಿ ಕೂದಲಿನ ಜೊತೆ ಸೇರಿ ಗಟ್ಟಿ ಉಂಡೆ ಕಟ್ಟುತ್ತದೆ. ಎಂಸಿಬಿ ಆಫ್ ಮಾಡಿ, ಪಂಪಿನ ಎರಡೂ ಬದಿಯ ವಾಲ್ವ್ ಮುಚ್ಚಿ, ಬಾಸ್ಕೆಟ್ ತೆಗೆದು, ಇಂಪೆಲ್ಲರಿನ ಕಣ್ಣಿಗೆ ಬಗ್ಗಿಸಿದ ತಂತಿ ಹಾಕಿ ಎಳೆಯಿರಿ. ಬೇಸ್‌ಮೆಂಟ್ ಪಂಪಿನಲ್ಲಿ ವಾಲ್ವ್ ಮುಚ್ಚದೆ ಸ್ಟ್ರೈನರ್ ಮುಚ್ಚಳ ಸಡಿಲಿಸಿದರೆ ಇಡೀ ಕೊಳದ ನೀರು ರೂಮಿನೊಳಗೆ ನುಗ್ಗುತ್ತದೆ, ಪಕ್ಕದಲ್ಲೇ ಕರೆಂಟಿನ ಪ್ಯಾನೆಲ್ ಇರುತ್ತದೆ. ವಾಲ್ವ್ ಮುಚ್ಚಿದ್ದನ್ನು ಎರಡು ಸಲ ನೋಡಿಕೊಳ್ಳಿ. ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೊಂದು ಸುಳಿವು ಸಿಗುತ್ತದೆ: ಇಂಪೆಲ್ಲರ್ ಕಟ್ಟಿಕೊಂಡಾಗ ಮೋಟಾರು ಎಂದಿಗಿಂತ ಕಡಿಮೆ ಆಂಪ್ಸ್ ಎಳೆಯುತ್ತದೆ, ಏಕೆಂದರೆ ತಳ್ಳಲು ನೀರೇ ಇರುವುದಿಲ್ಲ.

ಎರಡನೆಯ ಅನುಮಾನ ಮೂರು ಫೇಸಿನ ಮೋಟಾರುಗಳಿಗೆ ಮಾತ್ರ. ಒಂದು ಅಪಾರ್ಟ್‌ಮೆಂಟಿನಲ್ಲಿ ಮೇನ್ ಡ್ರೈನ್ ಎಳೆಯುತ್ತಿಲ್ಲವೆಂದು ಲೈನಿಗೆ ನೀರು ಹೊಡೆಸಿದ್ದರು, ಮರಳನ್ನೂ ಬದಲಿಸಿದ್ದರು. ಪಂಪು ನೋಡಿಕೊಳ್ಳುವ ಹುಡುಗನನ್ನು "ಇದಕ್ಕೂ ಮುಂಚೆ ಏನಾದ್ರೂ ರಿಪೇರಿ ಆಗಿತ್ತೇನಪ್ಪ?" ಎಂದು ಕೇಳಿದೆ. "ಮೋಟಾರ್ ಸುಟ್ಟೋಗಿತ್ತು ಸಾರ್, ವೈಂಡಿಂಗ್ ಕಟ್ಟಿಸ್ಕೊಂಡು ಬಂದ್ವಿ" ಎಂದ. ಸ್ವಿಚ್ ಒತ್ತಿ ಕೂಡಲೇ ಆಫ್ ಮಾಡಿಸಿ ಹಿಂದಿನ ಫ್ಯಾನ್ ನಿಲ್ಲುವುದನ್ನು ನೋಡಿದರೆ, ಪಂಪಿನ ಮೈಮೇಲಿನ ಬಾಣದ ಗುರುತಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತಿತ್ತು. ಹಿಮ್ಮುಖ ತಿರುಗಿದರೂ ಇಂಥ ಪಂಪು ಸ್ವಲ್ಪ ನೀರು ತಳ್ಳುತ್ತಲೇ ಇರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಎಲೆಕ್ಟ್ರಿಷಿಯನ್ ಎರಡು ಫೇಸಿನ ವೈರು ಅದಲುಬದಲು ಮಾಡಿದ, ಕೆಲಸ ಮುಗಿಯಿತು. ಮೋಟಾರ್ ಕಟ್ಟಿಸಿದ ಮೇಲೆ, ಪ್ಯಾನೆಲ್ ಬದಲಿಸಿದ ಮೇಲೆ, ಟ್ರಾನ್ಸ್‌ಫಾರ್ಮರ್ ಅಥವಾ ಕೇಬಲ್ ಕೆಲಸ ನಡೆದ ಮೇಲೆ ಈ ದಿಕ್ಕನ್ನು ನೋಡಿಯೇ ತೀರಬೇಕು.

ಗುಳ್ಳೆ ಕಂಡರೆ ಗಾಳಿ ಹಿಡಿದಿದೆ ಎಂದರ್ಥ. ಮೊದಲು ಕೊಳದ ನೀರಿನ ಮಟ್ಟ ನೋಡಿ. ಅದು ಸ್ಕಿಮ್ಮರ್ ಬಾಯಿಯ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಸ್ಕಿಮ್ಮರೇ ಗಾಳಿ ಕುಡಿಯುತ್ತಿರುತ್ತದೆ. ಅಂಚಿನ ಮೇಲೆ ನೀರು ಚೆಲ್ಲುವ ಓವರ್‌ಫ್ಲೋ ಕೊಳವಾದರೆ ಚೆಲ್ಲಿದ ನೀರು ಸೇರುವ ಬ್ಯಾಲೆನ್ಸಿಂಗ್ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಡಿ. ನೀರು ತಳಕ್ಕಿಳಿದು ಪೈಪಿನ ಬಾಯಿಯ ಮೇಲೆ ಸುಳಿ ಎದ್ದಿದ್ದರೆ ಗಾಳಿ ಬರುತ್ತಿರುವುದು ಅಲ್ಲಿಂದ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಸಿಗದೆ ಟಾಪ್‌ಅಪ್ ನಿಂತಾಗ ಇದು ತಪ್ಪದೆ ಆಗುತ್ತದೆ. ಫ್ಲೋಟ್ ವಾಲ್ವ್ ಸಿಕ್ಕಿಕೊಂಡಿದ್ದರೂ ಇದೇ ಪರಿಣಾಮ.

ಮಟ್ಟ ಸರಿಯಿದ್ದರೆ ಸೋರಿಕೆ ಸಕ್ಷನ್ ಕಡೆಯ ಜಾಯಿಂಟಿನಲ್ಲಿದೆ. ಸ್ಟ್ರೈನರ್ ಮುಚ್ಚಳದ ಓ-ರಿಂಗಿನಿಂದ ಶುರು ಮಾಡಿ, ಅದೇ ದೊಡ್ಡ ಅಪರಾಧಿ. ಬಿರುಕು, ಚಪ್ಪಟೆಯಾದ ಭಾಗ, ಅಡಿಯಲ್ಲಿ ಸಿಕ್ಕ ಒಂದೇ ಒಂದು ಮರಳಿನ ಕಣ, ಯಾವುದಾದರೂ ಸಾಕು. ಒರೆಸಿ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿ. ವ್ಯಾಸಲೀನ್ ಹಚ್ಚಬೇಡಿ, ಅದು ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ಆಮೇಲೆ ಡ್ರೈನ್ ಪ್ಲಗ್, ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಪೈಪ್ ಜಾಯಿಂಟು), ವಾಲ್ವಿನ ಸ್ಪಿಂಡಲ್, ಪಂಪಿಗೆ ಪೈಪು ಸೇರುವ ಚೂಡಿ. ಪಂಪ್ ಓಡುತ್ತಿರುವಾಗ ಒಂದೊಂದು ಜಾಯಿಂಟಿನ ಬಳಿಯೂ ಹೊತ್ತಿಸಿದ ಅಗರಬತ್ತಿ ಹಿಡಿಯಿರಿ. ಹೊಗೆ ನೆಟ್ಟಗೆ ಮೇಲೇಳದೆ ಜಾಯಿಂಟಿನ ಕಡೆಗೆ ಬಾಗಿದರೆ ಸೋರಿಕೆ ಅಲ್ಲೇ. ಫ್ಯಾನ್ ಗಾಳಿ ಬರುವ ಕಡೆ ಹೊಗೆ ನಂಬುವಂತಿಲ್ಲ, ಅಲ್ಲಿ ಶೇವಿಂಗ್ ಫೋಮ್ ಬಳಿಯಿರಿ, ಫೋಮಿನಲ್ಲಿ ಗುಂಡಿ ಬೀಳುತ್ತದೆ. ಬೇಸ್‌ಮೆಂಟ್ ಪಂಪುಗಳಲ್ಲಿ ಇನ್ನೂ ಸುಲಭ: ಪಂಪ್ ನಿಂತಾಗ ಸೋರುವ ಜಾಗದಿಂದ ನೀರು ಜಿನುಗುತ್ತದೆ.

ವ್ಯಾಕ್ಯೂಮ್ ಏರಿದ್ದರೆ

ಈಗ ಕೊಳದ ಕಡೆ ಹೊರಡಬಹುದು, ಆದರೂ ನೀರಿಗಿಳಿಯುವ ಸಮಯ ಬಂದಿಲ್ಲ. ಮೊದಲು ಬಾಸ್ಕೆಟ್ ಖಾಲಿ ಮಾಡಿ. ಅದು ಮುಗಿದ ಮೇಲೆ ಪ್ರತಿ ಲೈನನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಕೊಳಕ್ಕೆ ಬೀಗ ಹಾಕಿ, ದಡದಲ್ಲಿ ಒಬ್ಬರನ್ನು ಕಾವಲು ನಿಲ್ಲಿಸಿ, ಸ್ವಿಚ್ಚಿನ ಬಳಿ ಒಬ್ಬರಿರಲಿ. ಈ ಪರೀಕ್ಷೆಯಲ್ಲಿ ಪಂಪಿನ ಪೂರ್ತಿ ಬಲ ಮೇನ್ ಡ್ರೈನಿನ ಮೇಲೇ ಬೀಳುತ್ತದೆ, ಆ ಹೊತ್ತಿನಲ್ಲಿ ನೀರಿನಲ್ಲಿ ಯಾರೂ ಇರಲೇಬಾರದು.

ಪಂಪ್ ಓಡುತ್ತಿರುವಾಗ ಸ್ಕಿಮ್ಮರ್ ಅಥವಾ ಬ್ಯಾಲೆನ್ಸಿಂಗ್ ಟ್ಯಾಂಕಿನ ವಾಲ್ವನ್ನು ನಿಧಾನವಾಗಿ ಮುಚ್ಚುತ್ತಾ ವ್ಯಾಕ್ಯೂಮ್ ಗೇಜ್ ನೋಡಿ. ಮುಳ್ಳು ಸ್ವಲ್ಪ ಏರಿ ನಿಂತು, ನೀರು ಹರಿಯುತ್ತಲೇ ಇದ್ದರೆ ಡ್ರೈನ್ ಲೈನ್ ಚೆನ್ನಾಗಿದೆ, ವಾಲ್ವುಗಳ ಹೊಂದಾಣಿಕೆ ಸರಿಮಾಡಿದರೆ ಸಾಕು. ಮುಳ್ಳು ಜಿಗಿದು ಪಂಪಿನೊಳಗೆ ಜಲ್ಲಿ ಹಾಕಿ ತಿರುವಿದಂಥ ಸದ್ದು ಬಂದರೆ ಲೈನ್ ಕಟ್ಟಿದೆ, ತಕ್ಷಣ ವಾಲ್ವ್ ತೆರೆಯಿರಿ. ಮುಳ್ಳು ಏರದೆ ಪಾಟಿನಲ್ಲಿ ನೀರು ಇಳಿದು ಗುಳ್ಳೆ ತುಂಬಿಕೊಂಡರೆ ಡ್ರೈನ್ ಲೈನ್ ಎಲ್ಲೋ ಗಾಳಿ ಎಳೆಯುತ್ತಿದೆ. ನಂತರ ಡ್ರೈನ್ ಲೈನಿನ ವಾಲ್ವ್ ಮುಚ್ಚಿ ಸ್ಕಿಮ್ಮರ್ ಒಂದನ್ನೇ ತೆರೆದು ಹೋಲಿಸಿ. ಅಲ್ಲೂ ವ್ಯಾಕ್ಯೂಮ್ ಅಷ್ಟೇ ಹೆಚ್ಚಿದ್ದರೆ ತಡೆ ಎರಡೂ ಲೈನ್ ಸೇರಿದ ಮೇಲಿನ ಪೈಪಿನಲ್ಲಿದೆ.

ಜಲ್ಲಿಯ ಸದ್ದಿನ ಬಗ್ಗೆ ಒಂದು ಮಾತು. ಎಳೆತ ಮಿತಿಮೀರಿದಾಗ ನೀರು ಇಂಪೆಲ್ಲರಿನ ಬಾಯಲ್ಲೇ ಆವಿಯ ಗುಳ್ಳೆಯಾಗಿ, ಒಡೆದು, ಲೋಹವನ್ನು ಕೆರೆಯುತ್ತದೆ. ಮಂಗಳೂರಿನಲ್ಲಿ ವಾತಾವರಣದ ಒತ್ತಡ ಸುಮಾರು 760 ಮಿಲಿಮೀಟರ್ ಪಾದರಸ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 680ರ ಆಸುಪಾಸು. ನೀರಿನ ಲೆಕ್ಕದಲ್ಲಿ ಒಂದು ಮೀಟರಿಗೂ ಸ್ವಲ್ಪ ಹೆಚ್ಚು ಎಳೆಯುವ ಶಕ್ತಿ ಇಲ್ಲಿ ಮೊದಲೇ ಕಡಿಮೆ. ಕರಾವಳಿಯಲ್ಲಿ ಹೇಗೋ ಸುಧಾರಿಸಿಕೊಂಡು ಹೋಗುವ ಪಂಪ್ ಅದೇ ಪೈಪಿನಲ್ಲಿ ಬೆಂಗಳೂರಿನಲ್ಲಿ ಗರಗರ ಎನ್ನಬಹುದು.

ಲೈನ್ ಕಟ್ಟಿದೆ ಎಂದು ತೀರ್ಮಾನಿಸುವ ಮುನ್ನ ವಾಲ್ವನ್ನೇ ಅನುಮಾನಿಸಿ. ಹಿತ್ತಾಳೆ ಗೇಟ್ ವಾಲ್ವುಗಳ ಸ್ಪಿಂಡಲ್ ಕ್ಲೋರಿನ್ ನೀರಿನಲ್ಲಿ ಸವೆದು ಒಳಗಿನ ಗೇಟ್ ಕಳಚಿಕೊಳ್ಳುತ್ತದೆ. ಚಕ್ರ ತಿರುಗುತ್ತಲೇ ಇರುತ್ತದೆ, ಕೊನೆ ಮುಟ್ಟಿದ ಅನುಭವ ಕೈಗೆ ಬರುವುದಿಲ್ಲ, ಗೇಟ್ ಮಾತ್ರ ಕೆಳಗೇ ಕೂತಿರುತ್ತದೆ. ಬಾಲ್ ವಾಲ್ವಿನ ಹಿಡಿ ಕಳಚಿ ಯಾರೋ ಅಡ್ಡಡ್ಡ ಕೂರಿಸಿದ್ದರೆ "ತೆರೆದಿದೆ" ಅಂದುಕೊಂಡದ್ದು ಮುಚ್ಚಿರುತ್ತದೆ.

ಇನ್ನೊಂದು ಪ್ರಶ್ನೆ ಕೇಳಲೇಬೇಕು: ಇತ್ತೀಚೆಗೆ ಕೊಳ ಖಾಲಿ ಮಾಡಿ ಟೈಲ್ಸ್ ಕೆಲಸ ಆಗಿದೆಯೇ? ಸಿಮೆಂಟು ಪೈಪಿಗೆ ಇಳಿಯದಿರಲಿ ಎಂದು ಮೇಸ್ತ್ರಿಗಳು ಡ್ರೈನಿನ ಬಾಯಿಗೆ ಗೋಣಿಚೀಲ ತುರುಕುತ್ತಾರೆ. ತೆಗೆಯುವುದು ಮರೆತರೆ ಅದರ ಮೇಲೇ ಜಾಲರಿ ಕೂರುತ್ತದೆ, ನೀರು ತುಂಬುತ್ತದೆ. ಟೈಲ್ಸ್ ಕೆಲಸದ ನಂತರ ಶುರುವಾದ ದೂರಾದರೆ ಕಾರಣ ಬಹುಮಟ್ಟಿಗೆ ಚೀಲ, ಇಲ್ಲವೇ ಗಟ್ಟಿಯಾದ ಗ್ರೌಟ್.

ಕೆಳಗಿಳಿಯಲೇಬೇಕಾದಾಗ

ಎಂಸಿಬಿ ಆಫ್ ಮಾಡಿ ಪ್ಯಾನೆಲ್ಲಿಗೆ ಬೀಗ ಹಾಕಿ, ಕೀಲಿ ಇಳಿಯುವವರ ನಂಬಿಕೆಯ ಒಬ್ಬರ ಕೈಯಲ್ಲಿರಲಿ. ಆ ವ್ಯಕ್ತಿ ಪ್ಯಾನೆಲ್ ಬಿಟ್ಟು ಕದಲಬಾರದು. ಟೈಮರ್ ಇರುವ ಪಂಪುಗಳು ತಾವಾಗಿಯೇ ಚಾಲೂ ಆಗುತ್ತವೆ, ಆದ್ದರಿಂದ ಟೈಮರ್ ಆಫ್ ಮಾಡಿದರಷ್ಟೇ ಸಾಲದು. ದಡದಲ್ಲಿ ಈಜು ಬಲ್ಲವರೊಬ್ಬರು ನಿಲ್ಲಬೇಕು. ಇಷ್ಟು ಏರ್ಪಾಡು ಆಗದಿದ್ದರೆ ಆ ದಿನ ಇಳಿಯುವುದು ಬೇಡ.

ಜಾಲರಿ ಬಿಚ್ಚಿದರೆ ಅಡಿಯ ಗುಂಡಿಯಲ್ಲಿ ಸಿಗುವುದು ಹೂವಿನ ದಳ, ಕೂದಲಿನ ರಬ್ಬರ್ ಬ್ಯಾಂಡ್, ಬ್ಯಾಂಡೇಡ್, ಗ್ರೌಟಿನ ಚೂರು, ಮಕ್ಕಳ ಗೋಲಿ. ಗುಂಡಿ ಶುದ್ಧ ಮಾಡಿ ಪೈಪಿನ ಬಾಯಿ ನೋಡಿ. ಮುಚ್ಚಳ ವಾಪಸ್ ಹಾಕುವಾಗ ಎಲ್ಲ ಸ್ಕ್ರೂಗಳೂ ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ, ಒಂದೂ ಬಿಡಬೇಡಿ. ಒಳ್ಳೆಯ ಮುಚ್ಚಳದ ಮೇಲೆ ಅದು ತಾಳುವ ಹರಿವಿನ ಪ್ರಮಾಣವನ್ನೂ ಎಷ್ಟು ವರ್ಷ ಬಳಸಬಹುದೆಂಬುದನ್ನೂ ಅಚ್ಚು ಹಾಕಿರುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ.

ಕಟ್ಟಿರುವುದು ಪೈಪಿನೊಳಗಾದರೆ ನೀರನ್ನು ಪಂಪ್ ರೂಮಿನಿಂದ ಕೊಳದ ಕಡೆಗೆ ಹಿಮ್ಮುಖವಾಗಿ ಹೊಡೆಯಬೇಕು. ಡ್ರೈನ್ ಲೈನಿನ ವಾಲ್ವನ್ನೂ ಸ್ಕಿಮ್ಮರ್, ಬ್ಯಾಲೆನ್ಸಿಂಗ್ ಟ್ಯಾಂಕ್, ವಾಪಸ್ ಲೈನುಗಳ ವಾಲ್ವುಗಳನ್ನೂ ಮುಚ್ಚಿ, ಡ್ರೈನ್ ವಾಲ್ವಿನಿಂದ ಪಂಪಿನ ಕಡೆಗಿರುವ ಯೂನಿಯನ್ ಬಿಚ್ಚಿ, ಅಲ್ಲಿ ಹೋಸ್ ಕೂರುವ ರೆಡ್ಯೂಸರ್ ಬಿಗಿಮಾಡಿ, ಆಮೇಲೆ ಡ್ರೈನ್ ವಾಲ್ವ್ ಮಾತ್ರ ತೆರೆದು ನೀರು ಬಿಡಿ. ಬೇಸ್‌ಮೆಂಟಿನಲ್ಲೂ ಹೀಗೆ ಮಾಡಿದರೆ ರೂಮಿಗೆ ನೀರು ನುಗ್ಗುವುದಿಲ್ಲ. ಕಸ ಗುಂಡಿಗೆ ಬಂದು ಬೀಳುತ್ತದೆ, ಪಂಪ್ ಬೀಗದಲ್ಲಿರುವಾಗಲೇ ಅದನ್ನು ತೆಗೆಯಬೇಕು. ಕಂಪ್ರೆಸರ್ ಗಾಳಿ ಹೊಡೆಸಬೇಡಿ, ಪಿವಿಸಿ ಪೈಪು ಗಾಳಿಯ ಒತ್ತಡಕ್ಕೆ ಒಡೆದರೆ ಚೂರುಗಳು ಸಿಡಿದು ಮೈಗೆ ನಾಟುತ್ತವೆ. ಆಸಿಡ್ ಸುರಿಯುವುದಂತೂ ಬೇಡವೇ ಬೇಡ. ಪೈಪಿನಲ್ಲೋ ರೂಮಿನಲ್ಲೋ ಉಳಿದ ಕ್ಲೋರಿನ್ ಪುಡಿಯೊಂದಿಗೆ ಅದು ಸೇರಿದರೆ ಏಳುವುದು ಕ್ಲೋರಿನ್ ಅನಿಲ, ಗಾಳಿಯಾಡದ ಪಂಪ್ ರೂಮಿನಲ್ಲಿ ಅದು ಪ್ರಾಣ ತೆಗೆಯುತ್ತದೆ.

"ಕೊಳ ಖಾಲಿ ಮಾಡಿ ನೋಡೋಣ" ಎಂಬ ಸಲಹೆಗೂ ಒಪ್ಪಬೇಡಿ, ಮಳೆಗಾಲದಲ್ಲಂತೂ ಖಂಡಿತ ಬೇಡ. ಉಡುಪಿ, ಮಂಗಳೂರಿನ ಕಡೆ ಅಂತರ್ಜಲ ಮೇಲೆ ಬಂದಿರುವಾಗ ಖಾಲಿ ಕೊಳದ ತಳವನ್ನು ಕೆಳಗಿನ ನೀರು ಎತ್ತುತ್ತದೆ, ಟೈಲ್ಸ್ ಏಳುತ್ತದೆ, ತೊಟ್ಟಿಯೇ ಬಿರುಕು ಬಿಡಬಹುದು. ಇದನ್ನು ತಡೆಯಲು ಕೆಲವು ಕೊಳಗಳ ಡ್ರೈನ್ ಗುಂಡಿಯಲ್ಲಿ ಒತ್ತಡ ಬಿಡಿಸುವ ಸ್ಪ್ರಿಂಗ್ ವಾಲ್ವ್ ಇರುತ್ತದೆ. ಅದರಲ್ಲಿ ಕಲ್ಲುಚೂರು ಸಿಕ್ಕಿ ತೆರೆದೇ ನಿಂತರೆ ನೀರಿನ ಜೊತೆ ಮಣ್ಣು ಬರುತ್ತದೆ, ಇಲ್ಲವೇ ಕೊಳದ ನೀರು ದಿನದಿನಕ್ಕೆ ಇಳಿಯುತ್ತದೆ.

ಪೈಪೇ ಚಿಕ್ಕದಾಗಿದ್ದರೆ

ಎಲ್ಲವೂ ಸರಿಯಿದೆ, ಹೊಸ ಕೊಳದಿಂದಲೇ ಎಳೆತ ಹೀಗೇ ಇದೆ ಎಂದರೆ ಲೆಕ್ಕ ನೋಡಿ. ಸಕ್ಷನ್ ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ 1.8 ಮೀಟರ್ ದಾಟಬಾರದು. 63 ಮಿಲಿಮೀಟರಿನ ಪೈಪು ಆ ವೇಗದಲ್ಲಿ ಗಂಟೆಗೆ ಸುಮಾರು 16 ಸಾವಿರ ಲೀಟರ್ ಸಾಗಿಸುತ್ತದೆ, 90 ಮಿಲಿಮೀಟರಿನದು ಸುಮಾರು 33 ಸಾವಿರ. 12 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳದಲ್ಲಿ 86 ಸಾವಿರ ಲೀಟರ್ ನೀರಿರುತ್ತದೆ. ಅದನ್ನು ಆರು ಗಂಟೆಗೊಮ್ಮೆ ತಿರುಗಿಸಲು ಗಂಟೆಗೆ 14 ಸಾವಿರ ಲೀಟರಿಗೂ ಸ್ವಲ್ಪ ಹೆಚ್ಚು ಹರಿವು ಸಾಕು. ಇಂಥ ಕೊಳಕ್ಕೆ 25 ಸಾವಿರ ಲೀಟರಿನ ಪಂಪು ಹಾಕಿ 63ರ ಪೈಪಿನಲ್ಲಿ ಎಳೆಸಿದರೆ ನಿರ್ವಾತ ಏರುತ್ತದೆ, ಸದ್ದು ಏರುತ್ತದೆ, ಕರೆಂಟು ಬಿಲ್ಲೂ ಏರುತ್ತದೆ, ಹರಿವು ಮಾತ್ರ ಅಷ್ಟಾಗಿ ಏರುವುದಿಲ್ಲ. ಡ್ರೈನಿನ ಮುಚ್ಚಳ ತಾಳುವ ಪ್ರಮಾಣವನ್ನೂ ಅದು ಮೀರಬಹುದು. ಅಳತೆಗೆ ತಕ್ಕ ಚಿಕ್ಕ ಪಂಪನ್ನು ಹೆಚ್ಚು ಹೊತ್ತು ಓಡಿಸುವುದೇ ಸರಿಯಾದ ದಾರಿ.

ನೆಲದಡಿಯ ಪೈಪು ಒಡೆದಿದೆಯೆಂಬ ಅನುಮಾನ ಉಳಿದರೆ ಲೈನಿನ ಎರಡೂ ತುದಿಗೆ ಪ್ಲಗ್ ಹಾಕಿಸಿ, ನೀರು ತುಂಬಿಸಿ, ಕಡಿಮೆ ಒತ್ತಡದಲ್ಲಿ ಪರೀಕ್ಷೆ ಮಾಡಿಸಿ. ಒತ್ತಡ ನಿಲ್ಲದಿದ್ದರೆ ತಳ ಅಗೆಯುವ ಖರ್ಚನ್ನು ಒಮ್ಮೆ ಯೋಚಿಸಿ. ಪಂಪು ಸ್ಕಿಮ್ಮರ್ ಅಥವಾ ಬ್ಯಾಲೆನ್ಸಿಂಗ್ ಟ್ಯಾಂಕಿನಿಂದಷ್ಟೇ ನೀರು ಪಡೆಯಲು ಶಕ್ತವಾಗಿದ್ದರೆ, ಮೇನ್ ಡ್ರೈನನ್ನು ಎರಡೂ ಕಡೆ ಶಾಶ್ವತವಾಗಿ ಮುಚ್ಚಿ ಕೊಳ ನಡೆಸಬಹುದು. ಹಾಗೆ ಮಾಡಿದರೆ ಗೋಡೆಯ ರಿಟರ್ನ್ ನಾಜಲುಗಳನ್ನು ಕೆಳಮುಖವಾಗಿ ತಿರುಗಿಸಿ, ತಳದ ನೀರು ಕದಡಿ ಮೇಲೆ ಬಂದು ಕ್ಲೋರಿನ್ ಎಲ್ಲ ಕಡೆ ಮುಟ್ಟುತ್ತದೆ. ವಾರಕ್ಕೆ ಒಮ್ಮೆ ಹಾಕುತ್ತಿದ್ದ ವ್ಯಾಕ್ಯೂಮ್ ಹೆಡ್ಡನ್ನು ಎರಡು ಸಲ ಹಾಕಿ, ಆಳದ ಕಡೆಯ ನೀರಿನ ಕ್ಲೋರಿನನ್ನು ಪ್ರತ್ಯೇಕವಾಗಿ ಅಳೆದು ಲಾಗ್ ಪುಸ್ತಕದಲ್ಲಿ ಬರೆಯುತ್ತಿರಿ.